ಇಟಲಿ ಗುಡ್ಡದೂರುಗಳಿಗೆ ಬಸ್ಸಾ, ಬಾಡಿಗೆ ಕಾರಾ? ಅತ್ತೆ ಮಾವನ್ನ ಕರ್ಕೊಂಡು ಹೋಗ್ತಿದೀವಿ

ಕುವೆಂಪುನಗರ_ಕಿಟಕಿ:

ಎಲ್ರಿಗೂ ನಮಸ್ಕಾರ. ಈ ಸಲ ದಸರಾ ರಜೆಗೆ ಇಟಲಿಗೆ ಹೊರಟಿದೀವಿ (ಮೈಸೂರಲ್ಲಿದ್ಕೊಂಡು ದಸರಾಗೆ ಊರು ಬಿಡ್ತೀರಾ ಅಂತ ಬೈಬೇಡಿ, ಜಂಬೂಸವಾರಿ ಇಪ್ಪತ್ತು ಸಲ ನೋಡಾಗಿದೆ, ಆ ಹತ್ತು ದಿನ ಮನೆಯಿಂದ ಗಾಡಿ ತೆಗೆಯೋದೇ ಬೇಡ ಅನ್ಸತ್ತೆ). ನಾನು, ನಮ್ಮನೆಯವ್ರು, ಅತ್ತೆ, ಮಾವ, ಒಟ್ಟು ನಾಲ್ಕು ಜನ. ಟಿಕೆಟ್ಟು ವೀಸಾ ಎಲ್ಲ ಆಗಿದೆ. ಫ್ಲಾರೆನ್ಸಲ್ಲಿ ಇಳಿಯೋದು, ರೋಮಲ್ಲಿ ಹತ್ತೋದು, ಆ ಎರಡೂರು ಬಿಟ್ರೆ ನಡುವೆ ಏಳು ದಿನ ಕೈಲಿದೆ. ಆ ಏಳು ದಿನ ಗುಡ್ಡದ ಮೇಲಿರೋ ಹಳೇ ಊರುಗಳನ್ನ ನೋಡ್ಬೇಕು ಅನ್ನೋದು ಮಾವನ ಆಸೆ. ಹಿಸ್ಟರಿ ಮೇಷ್ಟ್ರಾಗಿ ರಿಟೈರ್ ಆದೋರು, ಸಿಯೆನಾ, ಸಾನ್ ಜಿಮಿನ್ಯಾನೋ, ಪಿಯೆನ್ಝಾ, ಮೊಂಟೆಪುಲ್ಚಾನೋ, ಒರ್ವಿಯೆಟೋ, ಅಸೀಸಿ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಕೊಂಡು ದಿನಾ ಬೆಳಗ್ಗೆ ಕಾಫಿ ಜೊತೆ ಅದನ್ನೇ ಓದ್ತಾ ಕೂತಿರ್ತಾರೆ.

ತೊಂದರೆ ಏನಂದ್ರೆ ಅತ್ತೆಗೆ ಮಂಡಿ ನೋವು. ಒಂದು ಕಾಲದಲ್ಲಿ ಚಾಮುಂಡಿಬೆಟ್ಟದ ಸಾವಿರ ಮೆಟ್ಲಿಗೂ ಅರಿಶಿನ ಕುಂಕುಮ ಹಚ್ಕೊಂಡು ಹತ್ತುತಿದ್ದೋರು, ಈಗ 201 ಬಸ್ಸಲ್ಲಿ ಹೋಗಿ ಬರ್ತಾರೆ. ಸಮತಟ್ಟು ರಸ್ತೆಲಿ ಎರಡು ಮೂರು ಕಿಲೋಮೀಟ್ರು ಆರಾಮಾಗಿ ನಡೀತಾರೆ, ಇಳಿಜಾರೂ ನಿಧಾನಕ್ಕೆ ಆಗತ್ತೆ, ಏರು ಮಾತ್ರ ಆಗಲ್ಲ.

ಬಸ್ಸು ರೈಲಲ್ಲೇ ಇದೆಲ್ಲ ಮುಗಿಸ್ಬಹುದಾ, ಇಲ್ಲ ಕಾರು ತಗೊಳ್ಳೋದಾ? ನಮ್ಮನೆಯವ್ರು ವಾರಕ್ಕೆರಡು ಸಲ ಬೆಂಗಳೂರಿಗೆ ಓಡಿಸ್ಕೊಂಡು ಹೋಗಿ ಬರೋರು, ಆದ್ರೆ ರಸ್ತೆ ಬಲಗಡೆ ಯಾವತ್ತೂ ಓಡ್ಸಿಲ್ಲ. ಅವ್ರಿಗೆ ಕಾರು ಬೇಕು, ನಂಗೆ ಭಯ. ಹೋಗಿಬಂದೋರು ಯಾರಾದ್ರೂ ಹೇಳಿ. ಯೂಟ್ಯೂಬ್ ನೋಡಿ ಹೇಳೋರು ಬೇಡ, ಅದನ್ನ ನಾನೇ ತಲೆ ಕೆಡೋಷ್ಟು ನೋಡಿದೀನಿ.

ಕಬ್ಬಿನಗದ್ದೆ_ಮಂಡ್ಯ:

ಅಕ್ಕ ಕಾರೇ ತಗೊಳಿ. ನಾವು ನಾಲ್ಕು ಜನ ಫ್ರೆಂಡ್ಸು ಹೋಗಿದ್ದೊ, ಬಲಗಡೆ ಓಡ್ಸೋದು ಮೊದಲ್ನೇ ಅರ್ಧ ಗಂಟೆ ಎದೆ ಢವಢವ ಅಂತದೆ ಅಷ್ಟೇಯ, ಆಮೇಲೆ ಕೈಕಾಲು ತಾನಾಗೇ ಮಾತು ಕೇಳ್ತವೆ. ಡ್ರೈವರ್ ಯಾವಾಗ್ಲೂ ರಸ್ತೆ ಮಧ್ಯದ ಗೆರೆ ಕಡೆ ಇರ್ಬೇಕು, ಚರಂಡಿ ಕಡೆ ಕೂತಿದೀರಿ ಅಂದ್ರೆ ರಾಂಗ್ ಸೈಡು. ಸರ್ಕಲ್ಲು ಬಂದ್ರೆ ಬಲಕ್ಕೆ ತಿರುಗಿ ಸುತ್ಕೊಂಡು ಹೋಗೋದು, ಒಳಗೆ ಸುತ್ತಾ ಇರೋನಿಗೆ ಮೊದ್ಲು ದಾರಿ ಬಿಡೋದು, ನಮ್ಮೂರಂಗೆ ನುಗ್ಗಿದೋನೇ ರಾಜ ಅನ್ನಂಗಿಲ್ಲ. ಇನ್ನೊಂದು, ನಮ್ಮನೆ ಮಾರುತೀಲಿ ಇಂಡಿಕೇಟರು ಬಲಗೈಗೆ ಐತೆ, ಅಲ್ಲಿ ಎಡಗೈಗೆ. ಮೊದಲ್ನೇ ದಿನ ಪ್ರತಿ ತಿರುವಲ್ಲೂ ವೈಪರ್ ಆಡಿಸ್ಕಂಡೇ ಹೋದೊ, ಸುಡು ಬಿಸ್ಲಲ್ಲಿ ಗಾಜು ಒರೆಸ್ಕಂಡು ಹೋಗೋ ನಾಲ್ಕು ಜನರನ್ನ ನೋಡಿ ಎದ್ರುಗಡೆ ಟ್ರ್ಯಾಕ್ಟರ್‌ನೋನು ಕೈ ಎತ್ತಿ ನಕ್ಕ.

ಆದ್ರೆ ಒಂದು ವಿಷ್ಯ ಗಟ್ಟಿಯಾಗಿ ಹೇಳ್ತೀನಿ, ಹಳೇ ಊರೊಳಕ್ಕೆ ಗಾಡಿ ನುಗ್ಗಿಸ್ಬ್ಯಾಡಿ. ಝಡ್‌ಟಿಎಲ್ ಅಂತದೆ, ಅಂದ್ರೆ ಪರ್ಮಿಟ್ ಇರೋರು ಮಾತ್ರ ಹೋಗೋ ಏರಿಯಾ. ಬಿಳೀ ದುಂಡು ಬೋರ್ಡು, ಸುತ್ತ ಕೆಂಪು ಬಳೆ, ಮೇಲೊಂದು ಕ್ಯಾಮ್ರಾ. ಗೇಟಿಲ್ಲ, ಪೊಲೀಸಿಲ್ಲ, ಯಾರೂ ತಡೆಯಲ್ಲ. ಪಕ್ಕದ ಲೈಟ್ ಬೋರ್ಡಲ್ಲಿ 'ವಾರ್ಕೋ ಅತ್ತೀವೋ' ಅಂತ ಬರ್ತಿತ್ತು, ನಮ್ಮ ಫ್ರೆಂಡು 'ಲೋ ಆಕ್ಟಿವ್ ಅಂತೆ ಕಣ್ಲಾ, ಓಪನ್ ಐತೆ ನಡೀ' ಅಂದ. ಆಕ್ಟಿವ್ ಅಂದ್ರೆ ಕ್ಯಾಮ್ರಾ ಆಕ್ಟಿವ್ ಅಂತ, ದಾರಿ ಬಂದ್ ಅಂತ! 'ನಾನ್ ಅತ್ತೀವೋ' ಅಂತ ಇದ್ರೆ ಹೋಗ್ಬೋದು. ಅದೇ ಬೀದಿಲಿ ಹೋಟ್ಲು ಹುಡುಕ್ಕಂಡು ಎರಡು ಸಲ ಹೋಗಿ ಬಂದೊ, ಎರಡಕ್ಕೂ ಬೇರೆ ಬೇರೆ ದಂಡ. ಅಲ್ಲಿದ್ದಾಗ ಏನೂ ಗೊತ್ತಾಗ್ನಿಲ್ಲ, ಊರಿಗೆ ಬಂದ ಎರಡು ತಿಂಗ್ಳಿಗೆ ಬಾಡಿಗೆ ಕಂಪ್ನಿಯೋರು 'ನಿಮ್ಮ ಅಡ್ರೆಸ್ ಪೊಲೀಸಿಗೆ ಕೊಟ್ಟಿದ್ದಕ್ಕೆ ಚಾರ್ಜು' ಅಂತ ಕ್ರೆಡಿಟ್ ಕಾರ್ಡಲ್ಲಿ ಕಿತ್ಕಂಡ್ರು, ದಂಡ ಅಲ್ಲ ಅದು, ಬರೀ ಅಡ್ರೆಸ್ ಕೊಟ್ಟಿದ್ದಕ್ಕೆ. ಏಳನೇ ತಿಂಗ್ಳು ಅಸಲಿ ದಂಡದ ಕಾಗದ ಪೋಸ್ಟಲ್ಲಿ ಬಂತು, ಇಟಲಿ ಸ್ಟಾಂಪು ನೋಡಿ ನಮ್ಮಪ್ಪ ಯಾರೋ ಹುಡುಗಿ ಬರೆದವ್ಳೆ ಅನ್ಕಂಡು ಅಮ್ಮನ್ನ ಕರೆದು ಒಳಗೆ ಗುಸುಗುಸು ಮಾತಾಡ್ತಿದ್ರು. ಹೊರದೇಶದೋರಿಗೆ ನೋಟೀಸು ಕಳ್ಸಕ್ಕೆ ಅವ್ರಿಗೆ 360 ದಿನ ಟೈಮೈತೆ. ಬಂದ ಮೇಲೆ ಐದು ದಿನದೊಳಗೆ ಕಟ್ಟಿದ್ರೆ ಶೇ. 30 ಕಮ್ಮಿ ಆಯ್ತದೆ, ನಾವು ಅದನ್ನೂ ತಿಂಗ್ಳ ಮೇಲೆ ಓದ್ಕಂಡಿದ್ದು.

ಗಾಡಿ ಗೋಡೆ ಹೊರಗೇ ನಿಲ್ಸಿ. ಬಿಳೀ ಗೆರೆ ಇದ್ರೆ ಸಾಮಾನ್ಯವಾಗಿ ಫ್ರೀ, ನೀಲಿಗೆ ದುಡ್ಡು, ಹಳದಿ ಮುಟ್ಬ್ಯಾಡಿ. ಅಮ್ಮಾರಿಗೆ ಮಂಡಿ ಅಂದ್ರಲ್ಲ, ಸಿಯೆನಾದಲ್ಲಿ ಸಾಂತಾ ಕತೆರೀನಾ ಅನ್ನೋ ಪಾರ್ಕಿಂಗ್ ಐತೆ, ಅಲ್ಲಿಂದ ಎಸ್ಕಲೇಟರು ಗುಡ್ಡ ಹತ್ತಿಸಿ ದೊಡ್ಡ ಚರ್ಚ್ ಹತ್ರ ಬಿಡ್ತದೆ. ಒರ್ವಿಯೆಟೋದಲ್ಲಿ ಕಾಂಪೋ ದೆಲ್ಲಾ ಫಿಯೆರಾ ಅಂತ, ಅಲ್ಲೂ ಎಸ್ಕಲೇಟರು ಲಿಫ್ಟು ಎರಡೂ ಐತೆ. ಕಾರಲ್ಲಿ ಹೋದ್ರೆ ಮಂಡಿ ಉಳೀತದೆ ಕಣಕ್ಕ.

ಹಳೇ_ಪ್ಯಾಸೆಂಜರ್:

ಮೇಲಿನ ತಮ್ಮ ದಂಡದ ಕತೆ ಅಷ್ಟುದ್ದ ಹೇಳಿ ಕೊನೇಲಿ ಕಾರೇ ತಗೊಳಿ ಅಂತಿದಾನೆ, ಇರಲಿ. ನಾನೂ ನಮ್ಮನೆಯವ್ಳೂ ಹನ್ನೊಂದು ದಿನ ಬರೀ ರೈಲು ಬಸ್ಸಲ್ಲೇ ತಿರುಗಿದ್ದು, ನನಗೆ 66, ಅವ್ಳಿಗೆ 61.

ಮೇಡಂ, ಮೊದ್ಲು ಒಂದು ತಿಳ್ಕೊಳಿ. ಇಟಲೀಲಿ ಸ್ಟೇಷನ್ ಹೆಸರು ನಂಬಂಗಿಲ್ಲ. ಆ ಊರುಗಳೆಲ್ಲ ಶತ್ರು ಭಯಕ್ಕೆ, ಕೆಳಗಿನ ಜೌಗು ನೆಲದ ಮಲೇರಿಯಾಗೆ ಹೆದ್ರಿ ಗುಡ್ಡದ ಮೇಲೆ ಕಟ್ಕೊಂಡಿದ್ದು. ರೈಲು ಬಂದಿದ್ದು 19ನೇ ಶತಮಾನದಲ್ಲಿ, ಅದು ಕಣಿವೆ ತಳ ಹಿಡ್ಕೊಂಡೇ ಹೋಗತ್ತೆ. ಹಾಗಾಗಿ ಊರು ಒಂದು ಕಡೆ, ಸ್ಟೇಷನ್ ಒಂದು ಕಡೆ. ಮೇಲುಕೋಟೆಗೆ ಹೋಗೋರು ಪಾಂಡವಪುರದಲ್ಲಿ ರೈಲಿಳಿದು ಬಸ್ ಹತ್ತಲ್ವಾ, ಥೇಟ್ ಹಾಗೆ. ವ್ಯತ್ಯಾಸ ಏನಂದ್ರೆ ನಮ್ಮೋರು ಪಾಂಡವಪುರ ಅಂತಲೇ ಬೋರ್ಡ್ ಹಾಕಿದಾರೆ, ಅವ್ರು 'ಪೊಜ್ಜಿಬೊನ್ಸಿ-ಸಾನ್ ಜಿಮಿನ್ಯಾನೋ' ಅಂತ ಹಾಕಿದಾರೆ. ಅದು ನೋಡಿ ನಾವು ಖುಷಿಯಾಗಿ ಸೂಟ್‌ಕೇಸ್ ಇಳಿಸ್ಕೊಂಡ್ರೆ ಸುತ್ತ ಫ್ಯಾಕ್ಟರಿ, ಗೋಡೌನು, ಒಂದು ಗೋಪುರಾನೂ ಕಾಣ್ಲಿಲ್ಲ. ಊರಿರೋದು ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟ್ರು, ಬಸ್ಸಲ್ಲೇ ಹೋಗ್ಬೇಕು. ಮೊಂಟೆಪುಲ್ಚಾನೋ ಸ್ಟೇಷನ್ನೂ ಅದೇ ಕತೆ, ಅಲ್ಲಿ ಇಳೀಲೇಬೇಡಿ, ಕಿಯೂಸಿ ಅಂತ ಜಂಕ್ಷನ್ ಇದೆ, ಬಸ್ಸಿರೋದು ಅಲ್ಲಿಂದ. ಅಸೀಸಿ ಸ್ಟೇಷನ್ ಕೆಳಗೆ ಸಾಂತಾ ಮರಿಯಾ ದೆಲಿ ಆಂಜೆಲಿ ಅನ್ನೋ ಊರಲ್ಲಿದೆ, ಎದುರಿಂದ ಬಸ್ಸು ಮೇಲಕ್ಕೆ ಹೋಗತ್ತೆ. ಆ ಬಸ್ಸಲ್ಲಿ ಎಲ್ರೂ ಇಳಿಯೋ ಮೊದಲ ಸ್ಟಾಪಲ್ಲಿ ನೀವು ಇಳೀಬೇಡಿ, ತುದೀಲಿ ಪಿಯಾಝಾ ಮತ್ತೆಯೋತ್ತಿ ತನಕ ಹೋಗಿ. ಅಲ್ಲಿಂದ ಸಂತ ಫ್ರಾನ್ಸಿಸರ ಬಸಿಲಿಕಾ ತನಕ ಹೆಚ್ಚುಕಡಿಮೆ ಇಳಿಜಾರೇ, ನಿಮ್ಮತ್ತೆ ನಿಧಾನಕ್ಕೆ ಅಂಗಡಿ ನೋಡ್ತಾ ಇಳೀತಾರೆ. ನಮ್ಮನೆಯವ್ಳಿಗೂ ಅದೇ ಮಾಡಿದ್ದು.

ಸಿಯೆನಾಗೆ ಮಾತ್ರ ರೈಲು ಬೇಡ, ನಾನೇ ಹೇಳ್ತಿದೀನಿ, ನನ್ನಂಥ ರೈಲು ಹುಚ್ಚ. ರೈಲು ಗುಡ್ಡದ ಕೆಳಗೆ ಬಿಡತ್ತೆ, ಅಲ್ಲಿಂದ ಸಾಲುಸಾಲು ಎಸ್ಕಲೇಟರ್ ಹಿಡಿದು ಹತ್ಬೇಕು, ಆಮೇಲೂ ನಡಿಗೆ. ಫ್ಲಾರೆನ್ಸ್ ಮೇನ್ ಸ್ಟೇಷನ್ ಪಕ್ಕದ ಬಸ್ ಸ್ಟ್ಯಾಂಡಿಂದ 'ರಾಪಿದಾ' ಬಸ್ ಹತ್ತಿ, ಒಂದೂಕಾಲು ಗಂಟೆ ಚಿಲ್ರೆ, ಪಿಯಾಝಾ ಗ್ರಾಂಶಿ ಅಂತ ಊರ ಮೇಲೇ ಬಿಡ್ತಾರೆ. ಅಲ್ಲಿಂದ ಕಾಂಪೋ ಮೈದಾನ ಹತ್ತು ನಿಮಿಷ. ಆ ಮೈದಾನ ಚಿಪ್ಪಿನ ಥರ ಒಂದು ಕಡೆಗೆ ಇಳಿಜಾರು, ಜುಲೈ 2ಕ್ಕೆ ಮತ್ತೆ ಆಗಸ್ಟ್ 16ಕ್ಕೆ ಅಲ್ಲಿ ಕುದುರೆ ಓಟ, ಆವಾಗ ನಮ್ಮ ದಸರಾಗಿಂತ ಕಡೆ. ನೀವು ಹೋಗೋ ಹೊತ್ತಿಗೆ ತಣ್ಣಗಿರತ್ತೆ.

ಒರ್ವಿಯೆಟೋ ಅಂತೂ ಮಂಡಿ ನೋವಿನೋರಿಗೇ ಮಾಡಿಸಿದ ಹಾಗಿದೆ. ಸ್ಟೇಷನ್ ಎದುರಿಗೇ ಫ್ಯುನಿಕುಲಾರ್, ಅಂದ್ರೆ ಹಗ್ಗಕ್ಕೆ ಕಟ್ಟಿ ಗುಡ್ಡಕ್ಕೆ ಎಳೆಯೋ ಡಬ್ಬಿ. 1888ರಲ್ಲಿ ಶುರುವಾದಾಗ ನೀರಿನ ಭಾರದ ಮೇಲೆ ಓಡ್ತಿತ್ತಂತೆ, ಮೇಲಿನ ಡಬ್ಬಿಗೆ ನೀರು ತುಂಬಿಸಿದ್ರೆ ಅದು ಇಳೀತಾ ಕೆಳಗಿಂದನ್ನ ಎಳ್ಕೊಳ್ತಿತ್ತು, ಈಗ ಕರೆಂಟು. ಮೇಲೆ ಇಳಿದ್ರೆ ಚರ್ಚಿಗೆ ಸಣ್ಣ ಬಸ್ಸು ಕಾಯ್ತಿರತ್ತೆ. ರೋಮಿಂದ ಇದು ಬರೀ ಒಂದೂಕಾಲು ಒಂದೂವರೆ ಗಂಟೆ, ಹಾಗಾಗಿ ಕೊನೇಗಿಟ್ಕೊಳಿ.

ಟಿಕೆಟ್ ವಿಷ್ಯ. ರೀಜನಲ್ ರೈಲಿಗೆ ಮುಂಚೆ ಬುಕ್ ಮಾಡೋದು ಬೇಡ, ರೇಟು ಒಂದೇ. ಕಾಗದದ ಟಿಕೆಟ್ ಆದ್ರೆ ಹತ್ತೋ ಮುಂಚೆ ಪ್ಲಾಟ್‌ಫಾರಮ್ಮಿನ ಮೆಷಿನ್ನಿಗೆ ತೂರಿಸಿ ಮುದ್ರೆ ಹಾಕಿಸ್ಬೇಕು, ಫೋನಲ್ಲಿ ತಗೊಂಡ್ರೆ ಚೆಕ್-ಇನ್ ಒತ್ಬೇಕು. ಮರೆತ್ರೆ ಟಿಕೆಟ್ ಇದ್ರೂ ದಂಡ. ಬಸ್ ಟಿಕೆಟ್ ಟಬಾಕಿ, ಅಂದ್ರೆ ಬೀಡಿ ಸಿಗರೇಟ್ ಅಂಗಡೀಲಿ ಸಿಗತ್ತೆ, ದೊಡ್ಡದಾಗಿ 'ಟಿ' ಅಂತ ಬೋರ್ಡ್ ಇರತ್ತೆ.

ಟಿ_ನರಸೀಪುರ_ರೋಡ್:

ಐಡಿಪಿ, ಅಂದ್ರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಬೇಕಾ ಸಾರ್? ನಮ್ಮ ಕಸಿನ್ ಬರೀ ಸ್ಮಾರ್ಟ್ ಕಾರ್ಡ್ ಲೈಸೆನ್ಸ್ ತೋರ್ಸಿ ಗಾಡಿ ತಗೊಂಡೆ ಅಂತಾನೆ.

ಕಬ್ಬಿನಗದ್ದೆ_ಮಂಡ್ಯ:

ಗಾಡಿ ಕೊಡೋನು ಕೊಟ್ರೂ ಕೊಟ್ಟಾನು, ದಾರೀಲಿ ಪೊಲೀಸ್ ಹಿಡಿದ್ರೆ? ಏನಾರ ಗುದ್ದಿದ್ರೆ ಇನ್ಶೂರೆನ್ಸೋನು ಮೊದ್ಲು ಕೇಳೋದೇ ಅದು. ಇಟಲೀಲಿ ನಮ್ಮ ಲೈಸೆನ್ಸ್ ಜೊತೆ ಐಡಿಪಿ ಇರ್ಲೇಬೇಕು. ಪರಿವಾಹನ್ ಸೈಟಲ್ಲಿ ಅರ್ಜಿ ಹಾಕಿ ನಮ್ಮ ಆರ್‌ಟಿಓದಲ್ಲೇ ಮಾಡಿಸ್ಬೋದು, ಫೀಸು 1000 ರೂಪಾಯಿ, ಒಂದು ವರ್ಷ ನಡೀತದೆ. ಹೋಗೋವಾಗ ಒರಿಜಿನಲ್ ಲೈಸೆನ್ಸೂ ಇಟ್ಕಳಿ, ಬರೀ ಐಡಿಪಿ ಇದ್ರೆ ಪ್ರಯೋಜ್ನ ಇಲ್ಲ. ಅಕ್ಕ, ಕ್ರೆಡಿಟ್ ಕಾರ್ಡು ಓಡ್ಸೋರ ಹೆಸರಲ್ಲೇ ಇರ್ಬೇಕು, ಡೆಪಾಸಿಟ್ಟು ಅದ್ರಲ್ಲೇ ಹಿಡಿಯೋದು. ಗೇರ್ ಇಲ್ದಿರೋ ಗಾಡಿ ಬೇಕು ಅಂದ್ರೆ ಈಗ್ಲೇ ಬುಕ್ ಮಾಡಿ, ಕೊಡೋದೆಲ್ಲ ಗೇರಿಂದೇ ಜಾಸ್ತಿ, ಬಲಗೈಲಿ ಗೇರ್ ಹಾಕೋದು ಅಭ್ಯಾಸ ಆಗೋದ್ರೊಳಗೆ ಟ್ರಿಪ್ ಮುಗೀತದೆ.

ಪೆರೂಜಾ_ರಿಟರ್ನ್:

ಎರಡು ವರ್ಷ ಪೆರೂಜಾದಲ್ಲಿ ಓದಿದೀನಿ, ಈಗ ವಾಪಸ್ ಮೈಸೂರು. ಕಾರಾ ಬಸ್ಸಾ ಅಂತ ಇಬ್ರೂ ಜಗಳ ಆಡ್ತಿದೀರ, ಆದ್ರೆ ಮೇಡಂ ಹೇಳಿದ ಲಿಸ್ಟಲ್ಲಿ ಎರಡು ಥರ ಊರಿದೆ. ಸಿಯೆನಾ, ಒರ್ವಿಯೆಟೋ, ಅಸೀಸಿ ಇವು ರೈಲು ಬಸ್ಸಿನ ಊರು, ಅಲ್ಲಿ ಕಾರು ಬರೀ ತಲೆನೋವು. ಪಿಯೆನ್ಝಾ ಇರೋ ವಾಲ್ ದೋರ್ಚಾ ಕಣಿವೆಗೆ, ಅದರ ಪಕ್ಕದ ಮೊಂಟೆಪುಲ್ಚಾನೋಗೆ ಬಸ್ಸಿದೆ, ಆದ್ರೆ ದಿನಕ್ಕೆ ಬೆರಳೆಣಿಕೆ, ಸಂಜೆ ಕೊನೇ ಬಸ್ ಬೇಗ ಹೋಗ್ಬಿಡತ್ತೆ, ಭಾನುವಾರ ನಂಬ್ಕೋಬೇಡಿ. ಅಲ್ಲಿ ನೋಡೋಕಿರೋದು ಊರಿಗಿಂತ ಊರು ಊರಿನ ನಡುವಿನ ದಾರಿ, 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಆ ಇಡೀ ಕಣಿವೆ. ಬಸ್ಸು ಚೆನ್ನಾಗಿರೋ ಜಾಗದಲ್ಲಿ ನಿಲ್ಲಲ್ಲ ಗುರು. ಅಲ್ಲಿಗೆ ಮಾತ್ರ ಎರಡು ಮೂರು ದಿನಕ್ಕೆ ಕಾರು ತಗೊಳ್ಳಿ, ಮಿಕ್ಕಿದ್ದಕ್ಕೆ ಬೇಡ.

ಬಸ್ ಟೈಮ್‌ಟೇಬಲ್ ಓದೋದೇ ಒಂದು ವಿದ್ಯೆ. 'ಫೆರಿಯಾಲೆ' ಅಂದ್ರೆ ಕೆಲಸದ ದಿನ, ಶನಿವಾರಾನೂ ಸೇರಿ. 'ಫೆಸ್ತೀವೋ' ಅಂದ್ರೆ ಭಾನುವಾರ, ಸರ್ಕಾರಿ ರಜೆ. 'ಸ್ಕೊಲಾಸ್ತಿಕೋ' ಅಂದ್ರೆ ಸ್ಕೂಲಿರೋ ದಿನ ಮಾತ್ರ, ಮಕ್ಕಳಿಗೆ ಬಿಡೋ ಬಸ್ಸು. ನಮ್ಮಜ್ಜಿ ಊರಿಗೆ ಬರೋ ಒಂದೇ ಬಸ್ಸು ಸ್ಕೂಲ್ ರಜಾ ಬಂದ್ರೆ ಬರಲ್ವಲ್ಲ, ಅದೇ. ಟೈಮ್‌ಟೇಬಲ್ಲಲ್ಲಿ ಹನ್ನೆರಡು ಬಸ್ ಕಂಡು ಖುಷಿಪಟ್ಟು ಕಾಲಮ್ಮಿನ ತಲೆ ನೋಡಿದ್ರೆ ನಿಮಗಾಗೋದು ಮೂರೇ ಅಂತ ಆಗತ್ತೆ. 'ಶೋಪೆರೋ' ಅಂತ ಎಲ್ಲಾದ್ರೂ ಅಂಟಿಸಿದ್ರೆ ಅದು ಮುಷ್ಕರ, ಮುಂಚೇನೇ ಹೇಳಿ ಮಾಡ್ತಾರೆ ಪಾಪ. ವಾರದ ದಿನ ಆದ್ರೆ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ರೀಜನಲ್ ರೈಲು ಓಡಿಸಲೇಬೇಕು ಅಂತ ರೂಲ್ಸ್ ಇದೆ, ಅಷ್ಟ್ರಲ್ಲಿ ಊರು ದಾಟ್ಕೊಳ್ಳಿ.

ಮೊಂಟೆಪುಲ್ಚಾನೋದಲ್ಲಿ ಅತ್ತೆಯವ್ರನ್ನ ಕೆಳಗಿನ ಗೇಟಿಂದ ನಡೆಸ್ಕೊಂಡು ಹೋಗ್ಬೇಡಿ, ಆ ಮೇನ್ ರೋಡು ಉದ್ದಕ್ಕೂ ಏರು. ಬಸ್ ಸ್ಟ್ಯಾಂಡಿಂದ ಪುಟಾಣಿ ಬಸ್ಸೊಂದು ಮೇಲೆ ಪಿಯಾಝಾ ಗ್ರಾಂದೆ ತನಕ ಹೋಗತ್ತೆ, ಅದರಲ್ಲಿ ಹತ್ತಿ, ನಡೆದು ಇಳೀರಿ. ಪಿಯೆನ್ಝಾ ಸಮತಟ್ಟು, ಮಾವ ಅಲ್ಲೇ ಬಿಡಾರ ಹೂಡ್ತಾರೆ ನೋಡಿ. ಪೋಪ್ ಎರಡನೇ ಪಯಸ್ ಹುಟ್ಟಿದ ಹಳ್ಳಿ ಅದು, ಹೆಸರು ಕೊರ್ಸಿನ್ಯಾನೋ ಅಂತಿತ್ತು. ಆತ ಪೋಪ್ ಆಗಿ 1459ರಿಂದ ಹಳ್ಳಿ ನಡುಭಾಗವನ್ನೇ ಹೊಸದಾಗಿ ಕಟ್ಟಿಸಿ ತನ್ನ ಹೆಸರಿಟ್ಟ. ಈ ತುದಿಯಿಂದ ಆ ತುದಿಗೆ ಹತ್ತು ನಿಮಿಷ ಕೂಡ ಬೇಡ.

ಕುವೆಂಪುನಗರ_ಕಿಟಕಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ವಾರ್ಕೋ ಅತ್ತೀವೋ ಕತೆ ಗಟ್ಟಿಯಾಗಿ ಓದಿ ಹೇಳ್ದೆ, ನಮ್ಮನೆಯವ್ರು ನಗ್ಲಿಲ್ಲ, ಸುಮ್ನೆ ಬರ್ಕೊಂಡ್ರು. ಮಾವ ನೋಟ್‌ಬುಕ್ಕಲ್ಲಿ ಹೊಸ ಪುಟ ಶುರು ಮಾಡಿದಾರೆ. ಈಗ ಪ್ಲಾನ್ ಹೀಗೆ, ಫ್ಲಾರೆನ್ಸಿಂದ ಬಸ್ಸಲ್ಲಿ ಸಿಯೆನಾ, ಎರಡು ರಾತ್ರಿ, ಅಲ್ಲಿಂದಲೇ ಬಸ್ಸಲ್ಲಿ ಸಾನ್ ಜಿಮಿನ್ಯಾನೋ ಹೋಗಿ ಬರೋದು. ಮೂರನೇ ದಿನ ಸಿಯೆನಾದಲ್ಲಿ ಕಾರು ತಗೊಂಡು ಪಿಯೆನ್ಝಾ ಹತ್ರ ಎರಡು ರಾತ್ರಿ, ಕಾರು ಸಿಯೆನಾಗೇ ವಾಪಸ್ ಕೊಟ್ಟು ರೈಲಲ್ಲಿ ಕಿಯೂಸಿ ಮೇಲೆ ಒರ್ವಿಯೆಟೋ, ಆಮೇಲೆ ಅಸೀಸಿ, ಅಲ್ಲಿಂದ ರೋಮ್. ಚಿವಿತಾ ಅಂತ ಬಂಡೆ ಮೇಲೆ ಒಂದೂರಿದೆಯಲ್ಲ ಒರ್ವಿಯೆಟೋ ಹತ್ರ, ಅದನ್ನೂ ಸೇರಿಸ್ಬಹುದಾ? ಮತ್ತೆ ಕಾರು ತಗೊಳ್ಳೋ ದಿನ ಭಾನುವಾರ ಬೀಳ್ತಿದೆ, ಪರ್ವಾಗಿಲ್ವಾ? ಊಟದ್ದೂ ಹೇಳಿ, ನಾವು ಮೊಟ್ಟೇನೂ ತಿನ್ನಲ್ಲ.

ಕಬ್ಬಿನಗದ್ದೆ_ಮಂಡ್ಯ:

ಭಾನುವಾರ ಬ್ಯಾಡಿ ಅಕ್ಕ, ಸಣ್ಣೂರಲ್ಲಿ ಬಾಡಿಗೆ ಆಫೀಸು ಬಾಗ್ಲು ಹಾಕಿರ್ತವೆ, ಶನಿವಾರ ಮಧ್ಯಾಹ್ನ ಆದ್ಮೇಲೂ ಅಷ್ಟೇ. ವಾಪಸ್ ಕೊಡೋವಾಗ್ಲೂ ಮಧ್ಯಾಹ್ನ ಊಟಕ್ಕೆ ಮುಚ್ಚೋ ಟೈಮ್ ನೋಡ್ಕಂಡು ಹೋಗಿ. ಸಿಯೆನಾದಲ್ಲಿ ಇನ್ನೊಂದಿನ ಇದ್ದು ಸೋಮವಾರ ಬೆಳಗ್ಗೆ ತಗೊಳಿ. ಪೆಟ್ರೋಲ್ ಬಂಕಲ್ಲಿ 'ಗಾಸೋಲಿಯೋ' ಅಂದ್ರೆ ಗ್ಯಾಸೋಲೀನ್ ಅಲ್ಲ, ಡೀಸೆಲ್ಲು. ಪೆಟ್ರೋಲಿಗೆ 'ಬೆಂಝೀನಾ'. ಇದು ಮಾತ್ರ ನಾವು ತಪ್ಪು ಮಾಡ್ನಿಲ್ಲ.

ಪೆರೂಜಾ_ರಿಟರ್ನ್:

ಚಿವಿತಾ ಬಿಟ್ಬಿಡಿ. ಊರಿಗೆ ಗಾಡಿ ಹೋಗಲ್ಲ, ಒಂದು ಉದ್ದ ಕಾಲುಸೇತುವೆ, ಕೊನೇಲಿ ಕಡಿದಾದ ಏರು. ಅತ್ತೆಯವ್ರಿಗೆ ಆಗಲ್ಲ, ಈಚೆ ಗುಡ್ಡದಿಂದ ಫೋಟೋ ತೆಗೆದ್ರೆ ಸಾಕು ಅನ್ನೋಕೆ ಬಸ್ಸಲ್ಲಿ ಹೋಗಿ ಬರೋದೇ ಅರ್ಧ ದಿನ.

ಊಟಕ್ಕೆ 'ಪಿಚಿ ಆಲ್ಯೋನೆ' ಕೇಳಿ, ದಪ್ಪ ಶಾವಿಗೆ ಥರ ಇರತ್ತೆ, ಟೊಮೆಟೊ ಬೆಳ್ಳುಳ್ಳಿ ಸಾರು. ಪಿಚಿ ಹಿಟ್ಟಿಗೆ ಸಾಮಾನ್ಯವಾಗಿ ಮೊಟ್ಟೆ ಹಾಕಲ್ಲ, ಆದ್ರೂ 'ಸೆಂಝಾ ಉವೋವಾ?' ಅಂತ ಕೇಳ್ಬಿಡಿ, ಮೊಟ್ಟೆ ಇಲ್ದೆ ಅಂತ. 'ರಿಬೊಲ್ಲೀತಾ' ಕಾಳು ಸೊಪ್ಪು ಬ್ರೆಡ್ಡಿನ ಹುಳಿ ಅನ್ಕೊಳ್ಳಿ, ಕೆಲವು ಕಡೆ ಮಾಂಸ ಸೇರಿಸ್ತಾರೆ, ಕೇಳಿ ತಿನ್ನಿ. ಅಲ್ಲಿ ಬ್ರೆಡ್ಡಿಗೆ ಉಪ್ಪೇ ಹಾಕಲ್ಲ, ಅಡುಗೆಯೋನು ಮರೆತ ಅನ್ಕೋಬೇಡಿ. ಪಾರ್ಮೆಸಾನ್ ಚೀಸಿಗೆ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ, ಅಷ್ಟು ಮಡಿ ನೋಡೋರಾದ್ರೆ ಮೇಲೆ ಉದುರಿಸ್ಬೇಡಿ ಅನ್ನಿ. ಮಧ್ಯಾಹ್ನ ಎರಡೂವರೆ ಆದ್ರೆ ಅಡುಗೆಮನೆ ಮುಚ್ತಾರೆ, ಮತ್ತೆ ತೆಗೆಯೋದು ಏಳು ಏಳೂವರೆಗೆ, ನಡುವೆ ಹಸಿವಾದ್ರೆ ನೀವು ತಗೊಂಡೋಗಿರೋ ಚಟ್ನಿಪುಡೀನೇ ಗತಿ.

ಹಳೇ_ಪ್ಯಾಸೆಂಜರ್:

ಪ್ಲಾನ್ ಚೆನ್ನಾಗಿದೆ. ಒರ್ವಿಯೆಟೋದಿಂದ ಅಸೀಸಿಗೆ ತೆರೊಂತೊಲಾದಲ್ಲಿ ರೈಲು ಬದಲಾಯಿಸ್ಕೊಳಿ. ಒರ್ವಿಯೆಟೋದಲ್ಲಿ ಸಾನ್ ಪತ್ರಿತ್ಸಿಯೋ ಬಾವಿ ಅಂತ ಇದೆ, ಮೇಷ್ಟ್ರು ಬಿಡಲ್ಲ. 1527ರಲ್ಲಿ ರೋಮ್ ಲೂಟಿಯಾದಾಗ ಪೋಪ್ ಅಲ್ಲಿಗೆ ಓಡಿಬಂದು, ಮುತ್ತಿಗೆ ಬಿದ್ರೆ ನೀರಿಗೇನು ಗತಿ ಅಂತ ತೋಡಿಸಿದ್ದು, 53 ಮೀಟರ್ ಆಳ. ನೀರು ಹೊರೋ ಹೇಸರಗತ್ತೆ ಒಂದಕ್ಕೊಂದು ಎದುರಾಗಬಾರ್ದು ಅಂತ ಇಳಿಯೋಕೊಂದು ಸುರುಳಿ, ಹತ್ತೋಕೊಂದು ಸುರುಳಿ. 248 ಮೆಟ್ಲು, ಇಳಿದಷ್ಟೂ ಹತ್ಲೇಬೇಕು, ಲಿಫ್ಟಿಲ್ಲ. ನಿಮ್ಮತ್ತೇನ ಮೇಲೇ ಕೂರ್ಸಿ.

ಕುವೆಂಪುನಗರ_ಕಿಟಕಿ:

ಅತ್ತೆಗೆ ಹೇಳ್ದೆ. 'ಇವ್ರು ಬಾವಿಗೆ ಇಳೀಲಿ, ನಾನು ಮೇಲೆ ಕಾಫಿ ಕುಡೀತಾ ಕೂತಿರ್ತೀನಿ' ಅಂದ್ರು. ಹಾಲು ಹಾಕಿದ ಕಾಫಿ ಬೇಕು ಅಂದ್ರೆ ಅಲ್ಲಿ ಏನಂತ ಕೇಳ್ಬೇಕು? ಲಾಟೆ ಅಂದ್ರೆ ಆಯ್ತಾ?

ಪೆರೂಜಾ_ರಿಟರ್ನ್:

ಅಯ್ಯೋ ಲಾಟೆ ಅನ್ಬೇಡಿ, ಒಂದು ಲೋಟ ಬರೀ ಹಾಲು ತಂದಿಡ್ತಾರೆ, ನಂಗೂ ಹಾಗೇ ಆಗಿತ್ತು. ಕಾಪುಚೀನೋ ಅನ್ನಿ. ಕೌಂಟ್ರಲ್ಲಿ ನಿಂತು ಕುಡಿದ್ರೆ ಒಂದು ರೇಟು, ಟೇಬಲ್ಲಲ್ಲಿ ಕೂತ್ರೆ ಜಾಸ್ತಿ, ಆದ್ರೆ ಮಾವ 248 ಮೆಟ್ಲು ಹತ್ಕೊಂಡು ಬರೋ ತನಕ ಅತ್ತೆ ಕೂತೇ ಕುಡೀಲಿ ಬಿಡಿ.